ಮಾವಿನ ಹಣ್ಣಿನ ಸುತ್ತ ಗೆರೆ ಎಲ್ಲಿದೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಗಣಿತ ಕಲಿಸುವವಳು. ನಮ್ಮ ಶಾಲೆಯ ಚಿತ್ರಕಲಾ ಶಿಕ್ಷಕರು ನಿವೃತ್ತರಾದ ಮೇಲೆ, ಡ್ರಾಯಿಂಗ್ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರಲಿರುವ ಹನ್ನೊಂದು ಮಕ್ಕಳಿಗೆ ವಾರಕ್ಕೆ ಎರಡು ತಾಸು ಪಾಠ ಹೇಳುವ ಹೊಣೆ ನನ್ನ ಪಾಲಿಗೆ ಬಂದಿದೆ. ಬಾಲ್ಯದಲ್ಲಿ ರಂಗೋಲಿ ಹಾಕಿದ್ದನ್ನು ಬಿಟ್ಟರೆ ಚಿತ್ರ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಮಕ್ಕಳಿಗೆ ತಪ್ಪು ಹೇಳಿಕೊಡಬಾರದೆಂಬ ಕಾಳಜಿಯಿದೆ.

ಕಳೆದ ವಾರ ದೃಶ್ಯಕಲೆಯ ಮೂಲಾಂಶಗಳ ಪಾಠ ಮಾಡಿದೆ. ಗೆರೆ, ಆಕಾರ, ಘನರೂಪ, ಛಾಯೆ, ಬಣ್ಣ, ಮೈವಳಿಕೆ (ಮೇಲ್ಮೈಯ ಒರಟು-ನುಣುಪು), ಅವಕಾಶ (ವಸ್ತುಗಳ ಸುತ್ತಲಿನ ಜಾಗ) ಎಂದು ಏಳನ್ನೂ ಹಲಗೆಯ ಮೇಲೆ ಬರೆದು, ಇವುಗಳಲ್ಲಿ ಗೆರೆಯೇ ಮೊದಲನೆಯದು ಎಂದು ವಿವರಿಸಿ, ಮೇಜಿನ ಮೇಲೆ ಒಂದು ಮಾವಿನ ಹಣ್ಣನ್ನಿಟ್ಟು ಅದರ ಹೊರಗೆರೆಯನ್ನು ಬರೆಯಲು ಹೇಳಿದೆ. ಎಂಟನೆಯ ತರಗತಿಯ ಹುಡುಗನೊಬ್ಬ ಎದ್ದು ಬಂದು ಹಣ್ಣನ್ನು ಕೈಗೆತ್ತಿಕೊಂಡು, ಸುತ್ತಲೂ ತಿರುಗಿಸಿ ನೋಡಿ, "ಮೇಡಂ, ಇದರ ಸುತ್ತ ಎಲ್ಲೂ ಗೆರೆ ಇಲ್ಲವಲ್ಲ, ಇಲ್ಲದ್ದನ್ನು ಹೇಗೆ ಬರೆಯುವುದು?" ಎಂದು ಕೇಳಿದ. ಅವನು ತುಂಟತನಕ್ಕೆ ಕೇಳಿದ ಪ್ರಶ್ನೆಯಲ್ಲ ಅದು. ರೇಖೆಗೆ ಉದ್ದವಿದೆ, ಅಗಲವಿಲ್ಲ ಎಂದು ರೇಖಾಗಣಿತದ ಪಾಠದಲ್ಲಿ ಅವನಿಗೆ ಹೇಳಿಕೊಟ್ಟವಳು ನಾನೇ ಆದ್ದರಿಂದ, ಅಗಲವಿಲ್ಲದ ರೇಖೆಯನ್ನು ಅಗಲವಿರುವ ಪೆನ್ಸಿಲಿನಿಂದ, ಗೆರೆಯೇ ಇಲ್ಲದ ಹಣ್ಣಿನ ಸುತ್ತ ಬರೆಯಿರಿ ಎಂದು ಹೇಳುತ್ತಿರುವ ನನಗೂ ಉತ್ತರ ಹೊಳೆಯಲಿಲ್ಲ. ಹಣ್ಣಿನಲ್ಲಿ ಇಲ್ಲದ ಗೆರೆ ಚಿತ್ರಕಲೆಯಲ್ಲಿ ಮೊದಲ ಮೂಲಾಂಶ ಹೇಗಾಯಿತು? ಬಲ್ಲವರು ತಿಳಿಸಿಕೊಟ್ಟರೆ ಮುಂದಿನ ಶನಿವಾರದ ತರಗತಿಯಲ್ಲಿ ಆ ಹುಡುಗನಿಗೆ ಉತ್ತರ ಹೇಳುತ್ತೇನೆ.

ಉತ್ತರ 1: ಚಿತ್ರಕಾರ, ಮೈಸೂರು

ಮೇಡಂ, ಆ ಹುಡುಗ ಹೇಳಿದ್ದು ಸರಿ. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದೇ ಮಾತನ್ನು ಬರೆದಿದ್ದಾನೆ: ವಸ್ತುವಿನ ಅಂಚು ಎಂಬುದು ವಸ್ತುವಿನ ಭಾಗವೂ ಅಲ್ಲ, ಅದನ್ನು ಸುತ್ತಿರುವ ಗಾಳಿಯ ಭಾಗವೂ ಅಲ್ಲ. ಆದ್ದರಿಂದಲೇ ಅವನು ತನ್ನ ವರ್ಣಚಿತ್ರಗಳಲ್ಲಿ ಮುಖದ ಅಂಚನ್ನು ಗೆರೆಯಿಂದ ಬಂಧಿಸದೆ, ಹೊಗೆ ಕರಗಿದ ಹಾಗೆ ಕತ್ತಲಿನೊಳಕ್ಕೆ ಕರಗಿಸಿದ.

ಹಾಗಾದರೆ ನಮಗೆ ಹಣ್ಣು ಕಾಣುವುದು ಹೇಗೆ? ಹಣ್ಣಿನ ಛಾಯೆಗೂ ಅದರ ಹಿಂದಿರುವುದರ ಛಾಯೆಗೂ ಇರುವ ವ್ಯತ್ಯಾಸದಿಂದ. ಚಿತ್ರಶಾಲೆಗಳಲ್ಲಿ ಇದನ್ನು ಟೋನ್ ಎಂದೇ ಕರೆಯುತ್ತಾರೆ. ಬಣ್ಣ ಯಾವುದೇ ಇರಲಿ, ಅದು ಎಷ್ಟು ತಿಳಿ, ಎಷ್ಟು ಗಾಢ ಎಂಬ ಅಳತೆ ಅದು. ತಿಳಿಯಾದ ಹಳದಿ ಹಣ್ಣನ್ನು ಕಪ್ಪು ಬಟ್ಟೆಯ ಮೇಲಿಟ್ಟರೆ ಅದರ ಅಂಚು ಕೊರೆದಂತೆ ಕಾಣುತ್ತದೆ; ಅದೇ ಹಣ್ಣನ್ನು ಹಳೆಯ ಬಿಳಿ ಪಂಚೆಯ ಮೇಲಿಟ್ಟು ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ, ಬೆಳಕು ಬೀಳುವ ಬದಿಯಲ್ಲಿ ಅಂಚು ಬಹುಪಾಲು ಮಾಯವಾಗುತ್ತದೆ. ಅಂದರೆ ಅಂಚು ಹಣ್ಣಿನ ಸ್ವತ್ತಲ್ಲ, ಹಣ್ಣು ಮತ್ತು ಬಟ್ಟೆಗಳ ನಡುವಿನ ಸಂಬಂಧ.

ಇನ್ನು ಗೆರೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಹಣ್ಣಿನಲ್ಲಿಲ್ಲ, ನಮ್ಮ ಕಣ್ಣು ಮತ್ತು ಮಿದುಳಿನಲ್ಲಿದೆ. ಎರಡು ಬೂದು ಬಣ್ಣದ ಪಟ್ಟಿಗಳನ್ನು, ಒಂದು ತಿಳಿ ಇನ್ನೊಂದು ಗಾಢ, ಪಕ್ಕಪಕ್ಕದಲ್ಲಿ ಅಂಟಿಸಿ ನೋಡಿ. ಪ್ರತಿ ಪಟ್ಟಿಯೂ ಒಂದೇ ಸಮನೆ ಬಳಿದದ್ದಾಗಿದ್ದರೂ, ಅವು ಕೂಡುವ ಕಡೆಯಲ್ಲಿ ತಿಳಿಯದು ಇನ್ನಷ್ಟು ತಿಳಿಯಾಗಿಯೂ ಗಾಢವಾದದ್ದು ಇನ್ನಷ್ಟು ಗಾಢವಾಗಿಯೂ ತೋರುತ್ತದೆ. ಇಂತಹ ತೋರಿಕೆಗೆ ಅಕ್ಷಿಪಟಲದ ನರಗಳು ಪಕ್ಕದ ನರಗಳ ಸ್ಪಂದನವನ್ನು ತಗ್ಗಿಸುವುದೇ ಕಾರಣವೆಂದು ಅರ್ನ್‌ಸ್ಟ್ ಮಾಖ್ ಎಂಬ ವಿಜ್ಞಾನಿ 1865ರಲ್ಲೇ ಊಹಿಸಿದ್ದ. ಮುಂದೆ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮಿದುಳಿನಲ್ಲಿ, ಇಂತಿಷ್ಟೇ ಓರೆಯಲ್ಲಿರುವ ಅಂಚು ಅಥವಾ ಗೆರೆ ಕಂಡಾಗ ಮಾತ್ರ ಸ್ಪಂದಿಸುವ ಜೀವಕೋಶಗಳನ್ನು ಗುರುತಿಸಿ 1959ರಲ್ಲಿ ವರದಿ ಮಾಡಿದರು. 1981ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ನೋಡುವ ಯಂತ್ರವೇ ಅಂಚನ್ನು ಹುಡುಕಿ ಹಿಡಿಯುವಂತೆ ರಚನೆಯಾಗಿರುವಾಗ, ಮಗು ಸುಣ್ಣದ ಕಡ್ಡಿ ಹಿಡಿದು ಮೊದಲು ಎಳೆಯುವುದು ಗೆರೆಯನ್ನೇ ಎಂಬುದರಲ್ಲಿ ಆಶ್ಚರ್ಯವಿಲ್ಲ.

ತರಗತಿಗೆ ಒಂದು ಅಭ್ಯಾಸ ಸೂಚಿಸುತ್ತೇನೆ. ಮಕ್ಕಳಿಗೆ ಪೆನ್ಸಿಲ್ ಕೊಡಬೇಡಿ, ಇದ್ದಿಲು ಕೊಡಿ. ಹಣ್ಣನ್ನು ಬರೆಯದೆ, ಹಣ್ಣಿನ ಹಿಂದಿರುವ ಕತ್ತಲನ್ನು ಮಾತ್ರ ಬಳಿಯಲು ಹೇಳಿ. ಒಂದು ಗೆರೆಯನ್ನೂ ಎಳೆಯದೆ ಹಣ್ಣು ಕಾಗದದ ಮೇಲೆ ಬಿಳಿಯಾಗಿ ಮೂಡುತ್ತದೆ. ಆಮೇಲೆ ಆ ಹುಡುಗನನ್ನೇ ಕರೆದು, ಈಗ ಗೆರೆ ಎಲ್ಲಿದೆ ತೋರಿಸು ಎಂದು ಕೇಳಿ.

ಉತ್ತರ 2: ಸಾಗರ ತಾಲ್ಲೂಕಿನವಳು, ಈಗ ಬೆಂಗಳೂರಿನಲ್ಲಿ

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಅದು ಗೆರೆಯನ್ನು ಅಂಚಿನ ಗುರುತು ಎಂದು ಮಾತ್ರ ನೋಡುತ್ತದೆ. ಗೆರೆ ಯಾವುದರ ಅಂಚೂ ಆಗದೆ, ತಾನೇ ವಸ್ತುವಾಗಿರುವ ಕಲೆ ನಮ್ಮ ಮನೆಯ ಗೋಡೆಯ ಮೇಲಿತ್ತು. ಸಾಗರ, ಸೊರಬ, ಸಿದ್ದಾಪುರದ ಕಡೆ ದೀವರ ಸಮುದಾಯದ ಹೆಂಗಸರು ಗೋಡೆಗೆ ಬರೆಯುವ ಚಿತ್ತಾರವನ್ನು ಕುರಿತು ಹೇಳುತ್ತಿದ್ದೇನೆ.

ನನ್ನ ಅಜ್ಜಿ ಮದುವೆಯ ಹಸೆಗೋಡೆ ಬರೆಯುವುದನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಗೋಡೆಗೆ ಮೊದಲು ಕೆಮ್ಮಣ್ಣು ಬಳಿದು ಒಣಗಿಸುತ್ತಿದ್ದರು. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಕುಂಚವೆಂದರೆ ಪುಂಡಿ ನಾರು. ನಾರಿನ ಉದ್ದವನ್ನೆಲ್ಲ ಗೋಡೆಗೆ ಒರಗಿಸಿ, ತೋಳನ್ನು ಭುಜದಿಂದ ಚಲಿಸಿ ಎಳೆಯುತ್ತಿದ್ದುದರಿಂದ ಗೆರೆ ನಡುಗದೆ ನೆಟ್ಟಗೆ ಬರುತ್ತಿತ್ತು. ಬೆರಳಿನಿಂದ ಎಳೆದರೆ ಗೆರೆ ಹೆದರುತ್ತದೆ ಎಂದು ಅಜ್ಜಿ ಹೇಳುತ್ತಿದ್ದ ಮಾತು ನನಗೆ ಈಗಲೂ ಕಿವಿಯಲ್ಲಿದೆ.

ಆ ಗೆರೆಗಳು ಯಾವುದರ ಹೊರಗೆರೆಯೂ ಅಲ್ಲ. ಓರೆಯಾಗಿ ಒಂದರ ಮೇಲೊಂದು ಹಾಯುವ ಬಿಳಿ ಎಳೆಗಳು, ಅವುಗಳ ನಡುವೆ ಅಷ್ಟೇ ಅಗಲದ ಕೆಂಪು ಸಂದು. ಹತ್ತಿರ ನಿಂತರೆ ಒಂದೊಂದು ಗೆರೆಯೂ ಬೇರೆಬೇರೆಯಾಗಿ ಕಾಣುತ್ತದೆ. ಅಂಗಳದಿಂದ ನೋಡಿದರೆ ಗೆರೆಗಳು ಮಾಯವಾಗಿ ನೇಯ್ದ ಚಾಪೆಯಂತಹ ಮೈವಳಿಕೆಯೊಂದು ಕಾಣುತ್ತದೆ. ಇನ್ನೂ ದೂರ ಹೋದರೆ ಅದು ತಿಳಿಗೆಂಪಾದ ಒಂದು ಛಾಯೆ ಮಾತ್ರ. ಒಂದೇ ಗೆರೆ ಮೂರು ದೂರಗಳಲ್ಲಿ ನಿಮ್ಮ ಪಟ್ಟಿಯ ಮೂರು ಮೂಲಾಂಶಗಳಾಗುತ್ತದೆ. ಆದ್ದರಿಂದ ಏಳು ಮೂಲಾಂಶಗಳನ್ನು ಏಳು ಬೇರೆ ಡಬ್ಬಿಗಳಲ್ಲಿರುವ ಸಾಮಾನುಗಳಂತೆ ಮಕ್ಕಳಿಗೆ ಹೇಳಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ನೀವು ರಂಗೋಲಿ ಹಾಕಿದ್ದೇನೆ ಎಂದಿರಿ. ಏಳರಿಂದ ನಾಲ್ಕರವರೆಗಿನ ಸಂದು ಚುಕ್ಕಿಯನ್ನು ನೆನಪಿಸಿಕೊಳ್ಳಿ: ನಡುವೆ ಏಳು, ಎರಡೂ ಕಡೆ ಆರು, ಐದು, ನಾಲ್ಕು, ಒಟ್ಟು 37 ಚುಕ್ಕಿ. ಅವುಗಳನ್ನು ಬಳಸಿ ಸುತ್ತುವ ಎಳೆಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಅದು ಯಾವ ಹಣ್ಣನ್ನೂ ತೋರಿಸುವುದಿಲ್ಲ. ನಾವು ಅದನ್ನು ಗೆರೆ ಎನ್ನದೆ ಎಳೆ ಎನ್ನುವುದು, ಆ ಪುಡಿಯ ಸಾಲು ನಮಗೆ ನೂಲಿನಂತೆ ಒಂದು ಪದಾರ್ಥವಾಗಿ ಕಾಣುವುದರಿಂದಲೇ ಇರಬೇಕು.

ಉತ್ತರ 3: ಕುಮಟಾದವರು

ಎರಡೂ ಉತ್ತರಗಳಿಗೆ ನಡುವೆ ನಿಲ್ಲುವ ಒಂದು ಉದಾಹರಣೆ ನಮ್ಮ ಕರಾವಳಿಯ ಕೆಲವು ಹಳೆಯ ದೇವಸ್ಥಾನಗಳ ಗೋಡೆಯ ಮೇಲಿದೆ. ಉತ್ತರ ಕನ್ನಡದಿಂದ ಗೋವೆಯವರೆಗೆ ಕಾಣುವ ಕಾವಿ ಕಲೆಯಲ್ಲಿ ಮೊದಲು ಸುಣ್ಣದ ಬಿಳಿ ಗಾರೆ, ಅದರ ಮೇಲೆ ಕೆಮ್ಮಣ್ಣು ಬೆರೆಸಿದ ತೆಳುವಾದ ಪದರ. ಅದು ಹಸಿಯಾಗಿರುವಾಗಲೇ ಮೊನಚಾದ ಉಳಿಯಿಂದ ಕೆಂಪನ್ನು ಕೆರೆದು ತೆಗೆದರೆ ಒಳಗಿನ ಬಿಳಿ ಹೊರಬರುತ್ತದೆ. ಅಲ್ಲಿ ಗೆರೆ ಎಂದರೆ ಹಾಕಿದ್ದಲ್ಲ, ತೆಗೆದದ್ದು. ಬಿಳಿಯ ಬಳ್ಳಿ ಕೆಂಪಿನ ಮೇಲಿದೆಯೋ ಕೆಂಪು ಎಲೆಗಳು ಬಿಳಿಯ ಮೇಲಿವೆಯೋ ಎಂದು ಎಷ್ಟು ಹೊತ್ತು ನೋಡಿದರೂ ಕಣ್ಣು ಒಂದು ತೀರ್ಮಾನಕ್ಕೆ ಬರುವುದಿಲ್ಲ. ವಸ್ತುವಿನ ಆಕಾರ, ಸುತ್ತ ಉಳಿದ ಅವಕಾಶದ ಆಕಾರ, ಇವೆರಡಕ್ಕೂ ಒಂದೇ ಅಂಚು ಎಂಬುದನ್ನು ನಾನು ಕಲಿತದ್ದು ಆ ಗೋಡೆಯಿಂದ. ಹೊಸದಾಗಿ ಸಿಮೆಂಟು ಬಳಿದು ಆಯಿಲ್ ಪೇಂಟಿನಲ್ಲಿ ಅದೇ ಬಳ್ಳಿಯನ್ನು ಬರೆಸಿದ ಕಡೆಗಳಲ್ಲಿ ಈ ಗುಣವೇ ಹೋಗಿಬಿಡುತ್ತದೆ, ಏಕೆಂದರೆ ಬಣ್ಣ ಗೋಡೆಯ ಮೇಲೆ ಕುಳಿತಿರುತ್ತದೆಯೇ ಹೊರತು ಗೋಡೆಯೊಳಗಿಂದ ಬಂದಿರುವುದಿಲ್ಲ. ಇದು ಬಹಳ ಬೇಸರದ ಸಂಗತಿ.

ಉತ್ತರ 4: ನಿವೃತ್ತ ಸಂಸ್ಕೃತ ಉಪನ್ಯಾಸಕ, ಧಾರವಾಡ

ಗೆರೆ ಮೊದಲನೆಯದು ಹೇಗಾಯಿತು ಎಂಬ ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರದಲ್ಲಿ ಒಂದು ಪ್ರಸಿದ್ಧ ಶ್ಲೋಕವಿದೆ. ಆಚಾರ್ಯರು ರೇಖೆಯನ್ನು ಹೊಗಳುತ್ತಾರೆ, ವಿಚಕ್ಷಣರು ವರ್ತನೆಯನ್ನು ಹೊಗಳುತ್ತಾರೆ, ಸ್ತ್ರೀಯರು ಆಭರಣವನ್ನೂ ಉಳಿದ ಜನ ಬಣ್ಣದ ಸಮೃದ್ಧಿಯನ್ನೂ ಬಯಸುತ್ತಾರೆ ಎಂಬುದು ಅದರ ತಾತ್ಪರ್ಯ. ಸ್ತ್ರೀಯರನ್ನು ಕುರಿತ ಮಾತನ್ನು ನಾನು ಒಪ್ಪುವುದಿಲ್ಲ. ಸಾಗರದ ಸಹೋದರಿ ವರ್ಣಿಸಿರುವ ಅಜ್ಜಿಯ ಕೆಲಸವೇ ಅದಕ್ಕೆ ಸಾಕಾದಷ್ಟು ಉತ್ತರ ಕೊಡುತ್ತದೆ. ಆದರೆ ರೇಖೆಯ ಪಕ್ಕದಲ್ಲೇ ವರ್ತನೆಯನ್ನು ಇಟ್ಟಿರುವುದನ್ನು ಗಮನಿಸಬೇಕು. ವರ್ತನೆಯೆಂದರೆ ಛಾಯೆಯಿಂದ ಮೈಯ ಉಬ್ಬುತಗ್ಗನ್ನು ತೋರಿಸುವುದು. ಗ್ರಂಥ ಅದರಲ್ಲಿ ಮೂರು ಬಗೆಗಳನ್ನು ಹೇಳುತ್ತದೆ: ಎಲೆಯ ನರಗಳಂತೆ ಗೆರೆಗಳಿಂದ ಮಾಡುವ ಪತ್ರಜ, ಅತಿ ಸೂಕ್ಷ್ಮವಾದ ಐರಿಕ, ಚುಕ್ಕಿಗಳಿಂದ ಮಾಡುವ ಬಿಂದುಜ. ಅಂದರೆ ಛಾಯೆಯನ್ನು ಗೆರೆ ಮತ್ತು ಚುಕ್ಕಿಗಳಿಂದಲೇ ಕಟ್ಟುವ ಕ್ರಮ ನಮ್ಮಲ್ಲಿ ಬಹಳ ಹಿಂದೆಯೇ ಶಾಸ್ತ್ರವಾಗಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಿಮ್ಮ ಪಟ್ಟಿಯ ಏಳು ಮೂಲಾಂಶಗಳನ್ನು ಭಾರತೀಯ ಚಿತ್ರಕಲೆಯ ಆರು ಅಂಗಗಳಾದ ಷಡಂಗದೊಂದಿಗೆ ಸಮೀಕರಿಸಿ ಪಾಠ ಮಾಡುವುದನ್ನು ನಾನು ಕೇಳಿದ್ದೇನೆ, ಅದು ಸರಿಯಲ್ಲ. ಕಾಮಸೂತ್ರಕ್ಕೆ ಯಶೋಧರನು ಬರೆದ ಜಯಮಂಗಲಾ ವ್ಯಾಖ್ಯಾನದಲ್ಲಿ ಬರುವ ಆ ಆರು ಅಂಗಗಳು ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ ಮತ್ತು ವರ್ಣಿಕಾಭಂಗ. ಚಿತ್ರಕಾರನಿಗೆ ಇರಬೇಕಾದ ಸಾಮರ್ಥ್ಯಗಳನ್ನು ಅವು ಹೇಳುತ್ತವೆ, ಚಿತ್ರವನ್ನು ಬಿಡಿಸಿದರೆ ದೊರೆಯುವ ಭಾಗಗಳನ್ನಲ್ಲ. ಭಾವಕ್ಕೂ ಲಾವಣ್ಯಕ್ಕೂ ನಿಮ್ಮ ಏಳರಲ್ಲಿ ಸ್ಥಾನವೇ ಇಲ್ಲ. ಭಾಗಗಳನ್ನು ಬಿಡಿಸಿ ಕಲಿಸುವ ಕ್ರಮ ಹೊಸದು. ಅಮೆರಿಕದ ಆರ್ಥರ್ ವೆಸ್ಲಿ ಡೌ 1899ರಲ್ಲಿ ಪ್ರಕಟಿಸಿದ ಪಠ್ಯದಲ್ಲಿ ಗೆರೆ, ಕತ್ತಲು-ಬೆಳಕಿನ ಹಂಚಿಕೆ, ಬಣ್ಣ ಎಂದು ಮೂರನ್ನೇ ಇಟ್ಟುಕೊಂಡಿದ್ದ. ಎರಡನೆಯದಕ್ಕೆ ಜಪಾನಿ ಭಾಷೆಯ ನೋಟನ್ ಎಂಬ ಪದವನ್ನೇ ಬಳಸಿದ್ದ. ಜರ್ಮನಿಯ ಬೌಹೌಸ್ ಶಾಲೆ, 1919ರಿಂದ 1933ರವರೆಗೆ ನಡೆದದ್ದು, ಈ ಕ್ರಮವನ್ನು ಇನ್ನಷ್ಟು ಬಿಗಿಗೊಳಿಸಿತು. ಅಲ್ಲಿ ಪಾಠ ಹೇಳುತ್ತಿದ್ದ ಕ್ಯಾಂಡಿನ್ಸ್ಕಿ 1926ರಲ್ಲಿ ಬರೆದ ಪ್ರಕಾರ, ಚಲನೆಯಿಲ್ಲದ ಬಿಂದುವಿನ ಮೇಲೆ ಬಲ ಬಿದ್ದಾಗ ರೇಖೆ ಹುಟ್ಟುತ್ತದೆ. ಗಣಿತದ ಶಿಕ್ಷಕಿಯಾದ ನಿಮಗೆ ಈ ನಿರೂಪಣೆ ಹತ್ತಿರವಾದೀತು: ರೇಖೆ ಇಲ್ಲಿ ಅಂಚಲ್ಲ, ಚಲನೆಯ ಜಾಡು.

ಚಲನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿ ಮುಗಿಸುತ್ತೇನೆ. ಅದೇ ಚಿತ್ರಸೂತ್ರದ ಪ್ರಕರಣದಲ್ಲಿ ವಜ್ರನೆಂಬ ರಾಜ ಮೂರ್ತಿ ಮಾಡುವುದನ್ನು ಕಲಿಸಬೇಕೆಂದು ಕೇಳಿದಾಗ, ಚಿತ್ರ ತಿಳಿಯದೆ ಮೂರ್ತಿ ತಿಳಿಯದು, ನೃತ್ಯ ತಿಳಿಯದೆ ಚಿತ್ರ ತಿಳಿಯದು ಎಂದು ಮಾರ್ಕಂಡೇಯ ಹೇಳುತ್ತಾನೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಚಿತ್ರಕಾರ ಕೆ. ಕೆ. ಹೆಬ್ಬಾರರು ಲಯವನ್ನು ಅರಿಯುವುದಕ್ಕಾಗಿ ಕಥಕ್ ಕಲಿತವರು. ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಮೈಯ ಸುತ್ತ ಗೆರೆ ಪೂರ್ತಿ ಬರುವುದೇ ಇಲ್ಲ. ತೂಕ ಬೀಳುವ ಕಡೆ ದಪ್ಪವಾಗಿ, ತಿರುವಿನಲ್ಲಿ ತೆಳುವಾಗಿ, ಕೆಲವೆಡೆ ಕಡಿದುಹೋಗಿ ಮತ್ತೆ ಮುಂದೆ ಎದ್ದು ಬರುತ್ತದೆ. ಆ ಹುಡುಗನಿಗೆ ಅವುಗಳಲ್ಲಿ ಒಂದನ್ನಾದರೂ ತೋರಿಸಿ. ಮೈಯಲ್ಲಿ ಇಲ್ಲದ ಗೆರೆಯನ್ನು ಬರೆಯುವಾಗ ಹೆಬ್ಬಾರರು ಏನನ್ನು ಬರೆಯುತ್ತಿದ್ದರು ಎಂಬುದು ಅವನಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ.

ಉತ್ತರ 5: ನೇಕಾರರ ಮನೆಯವರು, ಬಾಗಲಕೋಟೆ ಜಿಲ್ಲೆ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಚಿಕ್ಕದೊಂದು ಸೇರಿಸುತ್ತೇನೆ. ಇಳಕಲ್ ಸೀರೆಯ ಒಡಲು ಮತ್ತು ಸೆರಗು ಕೂಡುವ ಕಡೆ ಗೆರೆಯಿಲ್ಲ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಬಣ್ಣ ಬದಲಾಗುವ ಆ ಜಾಗವೇ ಗೆರೆಯಂತೆ ಕಾಣುತ್ತದೆ. ಆದರೆ ಮೊದಲ ಉತ್ತರ ಬರೆದವರು ಹೇಳಿದ ಟೋನ್ ಇಲ್ಲಿಯೂ ಕೆಲಸ ಮಾಡುತ್ತದೆ. ಕೆಂಪು ಸೆರಗು, ಹಸಿರು ಒಡಲು, ಎರಡೂ ಸಮನಾಗಿ ಗಾಢವಾಗಿರುವ ಸೀರೆಯೊಂದರ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಪ್ಪು-ಬಿಳುಪಿಗೆ ಬದಲಾಯಿಸಿ ನೋಡಿ. ಬರಿಗಣ್ಣಿಗೆ ಕಿರುಚುವಂತಿದ್ದ ಅಂಚು ಹುಡುಕಿದರೂ ಸಿಗುವುದಿಲ್ಲ. ಫ್ರಾನ್ಸಿನ ಗೋಬ್ಲೆ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ರಸಾಯನಶಾಸ್ತ್ರಜ್ಞ ಶೆವ್ರಲ್‌ಗೆ, ಕಪ್ಪು ನೂಲು ಪೇಲವವಾಗಿದೆ ಎಂಬ ದೂರು ಬಂದಿತ್ತು. ದೋಷ ನೂಲಿನ ಬಣ್ಣದಲ್ಲಲ್ಲ, ಅದರ ಪಕ್ಕದಲ್ಲಿ ನೇಯ್ದ ನೀಲಿ ಮತ್ತು ನೇರಳೆಯಲ್ಲಿದೆ ಎಂದು ಅವನು ತೋರಿಸಿಕೊಟ್ಟ. 1839ರ ಅವನ ಗ್ರಂಥ ಹುಟ್ಟಿದ್ದು ಆ ದೂರಿನಿಂದ. ನಮ್ಮ ಮನೆಯಲ್ಲಿ ನೂಲಿನ ಲಡಿಯನ್ನು ಒಂಟಿಯಾಗಿ ನೋಡಿ ಬಣ್ಣ ಆರಿಸುವುದಿಲ್ಲ, ಪಕ್ಕಕ್ಕೆ ಬರುವ ಲಡಿಯ ಜೊತೆಗಿಟ್ಟು ನೋಡುತ್ತಾರೆ. ಕಾರಣ ಇದೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಶನಿವಾರ ಇದ್ದಿಲಿನ ಅಭ್ಯಾಸ ಮಾಡಿಸಿದೆ. ಹಿನ್ನೆಲೆಯನ್ನು ಮಾತ್ರ ಬಳಿಯಿರಿ ಎಂದಾಗ ಮೊದಲಿಗೆ ನಾಲ್ವರು ಹಣ್ಣಿನ ಹೊರಗೆರೆ ಹಾಕಿಕೊಂಡು ಸುತ್ತಲೂ ತುಂಬಿದರು. ಅವರ ಹಣ್ಣುಗಳು ಕತ್ತರಿಸಿ ಅಂಟಿಸಿದ ಕಾಗದದಂತೆ ಕಂಡವು. ಗೆರೆಯಿಲ್ಲದೆ ಬಳಿದವರ ಹಣ್ಣುಗಳು ಸೊಟ್ಟಗಿದ್ದರೂ ದುಂಡಗೆ ಕಂಡವು. ಈ ವ್ಯತ್ಯಾಸವನ್ನು ನಾನು ಹೇಳುವ ಮೊದಲೇ ಮಕ್ಕಳು ಗುರುತಿಸಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಗೆರೆ ಎಲ್ಲಿದೆ ತೋರಿಸು ಎಂದಾಗ ಆ ಹುಡುಗ ಕಪ್ಪು ಮುಗಿದು ಬಿಳಿ ಆರಂಭವಾಗುವ ಕಡೆ ಬೆರಳಿಟ್ಟು, "ಅಗಲವಿಲ್ಲದ ಗೆರೆ ಇದೇ ಅಲ್ಲವೇ ಮೇಡಂ?" ಎಂದ. ಗಣಿತದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇರಲಿಲ್ಲ.

ಅವನು ಈಗ ಇನ್ನೊಂದು ಪ್ರಶ್ನೆ ಹಿಡಿದಿದ್ದಾನೆ. ಶಾಲೆಯ ಧ್ವಜಸ್ತಂಭದ ನೆರಳಿಗೆ ಬುಡದಲ್ಲಿ ಅಂಚು ಸ್ಪಷ್ಟವಾಗಿದೆ, ತುದಿಯ ಕಡೆ ಮಸುಕಾಗಿದೆ. ನೆರಳನ್ನು ಬರೆಯುವಾಗ ಗೆರೆ ಹಾಕಬೇಕೋ ಬೇಡವೋ ಎಂದು ಕೇಳುತ್ತಾನೆ.

ಉತ್ತರ 6: ಚಿತ್ರಕಾರ, ಮೈಸೂರು

ಮೇಡಂ, ಈ ಬಾರಿ ಅವನು ಲೆಕ್ಕ ಹಾಕಿ ಉತ್ತರ ಕಂಡುಕೊಳ್ಳಬಹುದು. ಸೂರ್ಯ ಬಿಂದುವಲ್ಲ; ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಸ್ತಂಭದ ಒಂದು ಬದಿಯಿಂದ ಬಿಲ್ಲೆಯ ಒಂದು ಭಾಗ ಮಾತ್ರ ಮರೆಯಾಗುವ ನೆಲದ ಭಾಗದಲ್ಲಿ ಅರೆನೆರಳು ಬೀಳುತ್ತದೆ. ಆ ಮಸುಕಿನ ಅಗಲ, ನೆರಳು ಮಾಡುವ ವಸ್ತುವಿನಿಂದ ನೆರಳು ಬಿದ್ದ ಜಾಗಕ್ಕೆ ಬೆಳಕಿನ ದಾರಿಯಲ್ಲಿರುವ ದೂರದ ಸುಮಾರು ನೂರಹತ್ತನೆಯ ಒಂದು ಭಾಗ. ಬೆಳಕಿಗೆ ಅಡ್ಡಲಾಗಿ ಕಾಗದ ಹಿಡಿದರೆ, ಒಂದು ಮೀಟರ್ ದೂರಕ್ಕೆ ಸುಮಾರು 9 ಮಿಲಿಮೀಟರ್, ಹತ್ತು ಮೀಟರ್ ದೂರಕ್ಕೆ ಸುಮಾರು 9 ಸೆಂಟಿಮೀಟರ್ ಮಸುಕು ಸಿಗುತ್ತದೆ. ಎತ್ತರದ ತೆಂಗಿನ ಮರದ ನೆರಳಿನಲ್ಲಿ ಗರಿಯ ಒಂದೊಂದು ಎಲೆಯೂ ಬೇರೆಯಾಗಿ ಕಾಣದಿರುವುದು ಇದರಿಂದಲೇ. ಮರದಡಿಯ ಬೆಳಕಿನ ಚುಕ್ಕಿಗಳು ದುಂಡಗಿರುವುದೂ ಅವು ಸೂರ್ಯನ ಬಿಂಬಗಳಾಗಿರುವುದರಿಂದ. 2019ರ ಡಿಸೆಂಬರ್ 26ರ ಗ್ರಹಣದ ದಿನ ಮರದ ಕೆಳಗೆ ನೋಡಿದವರಿಗೆ ಅವು ಕುಡುಗೋಲಿನಂತೆ ಕಂಡಿದ್ದವು.

ಆದ್ದರಿಂದ ಬುಡದಲ್ಲಿ ಇದ್ದಿಲಿನ ಮೊನೆಯಿಂದ ಅಂಚನ್ನು ಕಚಕ್ಕನೆ ನಿಲ್ಲಿಸಲಿ, ತುದಿಯ ಕಡೆಗೆ ಹೋದ ಹಾಗೆ ಬೆರಳಿನಿಂದ ಉಜ್ಜಿ ಅಗಲಗೊಳಿಸಲಿ. ಸಂಜೆ ನಾಲ್ಕರ ಹೊತ್ತಿಗೆ ಸ್ಕೇಲು ಹಿಡಿದು, ಬುಡದಿಂದ ಒಂದೊಂದು ಮೀಟರಿಗೆ ಮಸುಕಿನ ಅಗಲವನ್ನು ಅಳೆದು ಬರೆದುಕೊಂಡರೆ, ಎಲ್ಲಿ ಎಷ್ಟು ಉಜ್ಜಬೇಕೆಂದು ಅವನಿಗೇ ತಿಳಿಯುತ್ತದೆ. ಅವನ ಅಳತೆಗಳನ್ನೂ ಚಿತ್ರವನ್ನೂ ದಯವಿಟ್ಟು ಇಲ್ಲಿ ಹಾಕಿ, ನಾನು ನೋಡಬೇಕು.